ಮೊದಲ ತೆನೆ ಮನೆಯದಲ್ಲ

ಸೆಪ್ಟೆಂಬರ್ 8ರಂದು ಬೆಳ್ತಂಗಡಿ ತಾಲ್ಲೂಕಿನ ಮಡಂತ್ಯಾರು ಸುತ್ತಿನ ಕಥೋಲಿಕ ಮನೆಗಳಲ್ಲಿ ಮೀನು, ಮಾಂಸ ಬೇಯುವುದಿಲ್ಲ. ಅಂದು ಮರಿಯಮ್ಮನ ಜನ್ಮದಿನ. ಕೊಂಕಣಿಯಲ್ಲಿ ಮೊಂತಿ ಫೆಸ್ತ್, ತುಳುವಿನಲ್ಲಿ ಕುರಲ್ ಪರ್ಬ, ಕನ್ನಡದಲ್ಲಿ ತೆನೆಹಬ್ಬ. ಹಬ್ಬಕ್ಕೆ ಮುಂಚಿನ ಒಂಬತ್ತು ದಿನಗಳ ನೊವೇನಾ ಪ್ರಾರ್ಥನೆಯಲ್ಲಿ ಮಕ್ಕಳು ಬುಟ್ಟಿಗಳಲ್ಲಿ ಹೂ ತಂದು ಮರಿಯಮ್ಮನ ಮೂರ್ತಿಗೆ ಅರ್ಪಿಸುತ್ತಾರೆ. ಹಬ್ಬದ ದಿನ ಪಾದ್ರಿಗಳು ಹೊಸ ತೆನೆಗಳನ್ನು ಆಶೀರ್ವದಿಸಿ ಮನೆಗೊಂದರಂತೆ ಹಂಚುತ್ತಾರೆ. ಮನೆಯ ಹಿರಿಯರು ಭತ್ತ ಸುಲಿದು ಹಾಲಿನಲ್ಲೋ ಪಾಯಸದಲ್ಲೋ ಬೆರೆಸಿ ಎಲ್ಲರಿಗೂ ಕೊಡುತ್ತಾರೆ. ಬಾಳೆಲೆಯ ಮೇಲೆ ಕೆಸುವಿನ ದಂಟು, ಬೆಂಡೆ, ಹೀರೆಗಳ ಪಲ್ಯ. ಸಂಭ್ರಮ ಮೇಲೆ ಕಾಣುವುದಾದರೂ ಆಚಾರದ ತಿರುಳು ಇರುವುದು ಸಂಯಮದಲ್ಲಿ: ಬೆಳೆದವನೇ ಆದರೂ ಮೊದಲ ತೆನೆಯನ್ನು ತನ್ನದೆಂದು ಉಣ್ಣುವಂತಿಲ್ಲ.

ಹಬ್ಬಕ್ಕೆ ಹೆಸರು ಬಂದದ್ದು ಬಂಟ್ವಾಳ ತಾಲ್ಲೂಕಿನ ಫರಂಗಿಪೇಟೆಯಿಂದ. ನೇತ್ರಾವತಿ ದಂಡೆಯ ಆ ಊರಿನ ಚರ್ಚಿಗೆ ಮೊಂತೆ ಮರಿಯಾನೊ, ಅಂದರೆ ಮರಿಯಮ್ಮನ ಗುಡ್ಡ, ಎಂದು ಹೆಸರು. ಗೋವೆಯ ಪಾದ್ರಿ ಜೋಕಿಂ ಮಿರಾಂದಾ ಅಲ್ಲಿ 1763ರಲ್ಲಿ ಈ ಹಬ್ಬ ಆರಂಭಿಸಿದರೆಂದು ಪರಂಪರೆ ಹೇಳುತ್ತದೆ. ಆದರೆ ತುಳುವರು ಮನೆಗೆ ತೆನೆ ಕಟ್ಟುವುದು, ಪುದ್ವಾರ್ ಎಂಬ ಹೊಸ ಅಕ್ಕಿಯ ಊಟ ಮಾಡುವುದು ಮಿರಾಂದಾರ ಕಾಲಕ್ಕೆ ಹೊಸತೇನೂ ಅಲ್ಲ. ನೆಲದ ಆಚಾರಕ್ಕೆ ಮರಿಯಮ್ಮನ ಹೆಸರು ಕೂಡಿತು ಎನ್ನುವುದೇ ಹೆಚ್ಚು ಸರಿ.

ಇಂದು ಮೊಂತೆ ಮರಿಯಾನೊದಲ್ಲಿ ಇರುವವರು ಕಪುಚಿನ್ ಸನ್ಯಾಸಿಗಳು. ಆಸ್ತಿ ತೊರೆಯುವುದನ್ನೇ ಬದುಕಿನ ಕ್ರಮವಾಗಿಸಿಕೊಂಡ ಫ್ರಾನ್ಸಿಸ್ಕನ್ ಮನೆತನದ ಶಾಖೆ ಇದು. ಮೂಲಪುರುಷ ಅಸ್ಸಿಸಿಯ ಸಂತ ಫ್ರಾನ್ಸಿಸ್ ಬಟ್ಟೆ ವ್ಯಾಪಾರಿಯ ಮಗ. ತಂದೆ ಹಣದ ಲೆಕ್ಕ ಕೇಳಿ ಬಿಷಪರ ಮುಂದೆ ನಿಲ್ಲಿಸಿದಾಗ ಮೈಮೇಲಿನ ಉಡುಪನ್ನೂ ಕಳಚಿ ಅವನ ಕೈಗೇ ಕೊಟ್ಟವನು. 1223ರಲ್ಲಿ ಪೋಪರು ಒಪ್ಪಿದ ಅವನ ನಿಯಮಾವಳಿಯ ಪ್ರಕಾರ ಸೋದರರು ಮನೆಯನ್ನಾಗಲಿ ಜಾಗವನ್ನಾಗಲಿ ಸ್ವಂತ ಮಾಡಿಕೊಳ್ಳಬಾರದು. ನಿಯಮ ಕಾಲಕ್ರಮದಲ್ಲಿ ಸಡಿಲವಾಯಿತು, ಮಠಗಳು ದೊಡ್ಡವಾದವು. ಅದನ್ನು ಮತ್ತೆ ಬಿಗಿಗೊಳಿಸಲು 16ನೇ ಶತಮಾನದ ಇಟಲಿಯಲ್ಲಿ ಹುಟ್ಟಿದವರೇ ಕಪುಚಿನರು. ಕಂದು ನಿಲುವಂಗಿಯ ಉದ್ದ ಕುಲಾವಿಯಿಂದ ಅವರಿಗೆ ಆ ಹೆಸರು. ಸೊಂಟದ ಹಗ್ಗದ ಮೂರು ಗಂಟುಗಳು ಬಡತನ, ಬ್ರಹ್ಮಚರ್ಯ, ವಿಧೇಯತೆ ಎಂಬ ಮೂರು ವ್ರತಗಳ ಗುರುತು. ಬಡತನವನ್ನು ವ್ರತವೆನ್ನುವುದು ಹಸಿವೆಯನ್ನು ಹೊಗಳಿದಂತಲ್ಲ. ಕಾಯಬೇಕಾದ ವಸ್ತು ಕಡಿಮೆಯಾದಷ್ಟೂ ಮನಸ್ಸು ದೇವರ ಕಡೆಗೂ ನೆರೆಯವನ ಕಡೆಗೂ ಬಿಡುವಾಗುತ್ತದೆ ಎಂಬುದು ಅದರ ಹಿಂದಿನ ಲೆಕ್ಕ. ಬೈಬಲಿನ ಪ್ರೇಷಿತರ ಕಾರ್ಯಕಲಾಪಗಳ ಪುಸ್ತಕದಲ್ಲಿ ಆದಿ ಕ್ರೈಸ್ತರು ಹೊಲಮನೆ ಮಾರಿ ಹಂಚಿಕೊಂಡು ಬದುಕಿದರೆಂದಿರುವುದೂ ಇದೇ ಜಾಡಿನದು.

ವ್ರತವಾಗಿ ಬಂದ ಬಡತನ ಒಂದಾದರೆ, ಮೇಲೆ ಬಿದ್ದ ಬಡತನ ಇನ್ನೊಂದು. ಎರಡನ್ನೂ ಒಂದೇ ತಕ್ಕಡಿಯಲ್ಲಿಟ್ಟು ತೂಗುವುದು ತಪ್ಪು. ಕ್ರೈಸ್ತರು ಆಂಗ್ಲರಿಗೆ ನೆರವಾದರೆಂಬ ಆರೋಪದ ಮೇಲೆ ಟಿಪ್ಪು ಸುಲ್ತಾನ್ 1784ರ ಫೆಬ್ರವರಿಯಲ್ಲಿ ಕೆನರಾದ, ಅಂದರೆ ಈ ಕರಾವಳಿಯ, ಕಥೋಲಿಕರನ್ನು ಸೆರೆಹಿಡಿಸಿದನು. ಅದು ಬೂದಿ ಬುಧವಾರವಾಗಿತ್ತೆಂದು ಸಮುದಾಯ ನೆನೆಯುತ್ತದೆ. ಮನುಷ್ಯ ಮಣ್ಣಿಗೆ ಸೇರುವವನೆಂದು ಹಣೆಗೆ ಬೂದಿ ಹಚ್ಚಿಕೊಳ್ಳುವ, ತಪಸ್ಸುಕಾಲದ ಮೊದಲ ದಿನ. ಹೊಲಮನೆಗಳು ಮುಟ್ಟುಗೋಲಾದವು, ಚರ್ಚುಗಳು ನೆಲಸಮವಾದವು. ಸೆರೆಯಾದವರನ್ನು ಘಟ್ಟ ಹತ್ತಿಸಿ ಶ್ರೀರಂಗಪಟ್ಟಣಕ್ಕೆ ಒಯ್ದರು. ಅವರ ಸಂಖ್ಯೆಯ ಅಂದಾಜುಗಳು 30,000ದಿಂದ 80,000ದವರೆಗೆ ಬೇರೆಬೇರೆಯಾಗಿವೆ. ದಾರಿಯಲ್ಲೂ ಸೆರೆಯಲ್ಲೂ ಸಾವಿರಾರು ಜನ ಸತ್ತರು, ಹಲವರು ಬಲವಂತದ ಮತಾಂತರಕ್ಕೆ ಒಳಗಾದರು. ಕಳೆದುಕೊಳ್ಳುವುದರಿಂದಲೇ ನಂಬಿಕೆ ಆಳವಾಗುತ್ತದೆಂದು ಈ ಇತಿಹಾಸ ಓದಿದವರು ಹೇಳಲಾರರು.

1799ರ ಮೇ 4ರಂದು ಶ್ರೀರಂಗಪಟ್ಟಣ ಬಿದ್ದ ಮೇಲೆ ಬದುಕುಳಿದವರು ಬರಿಗೈಯಲ್ಲಿ ಇಳಿದು ಬಂದರು. ಮೂಡುಬಿದಿರೆ ಹತ್ತಿರದ ಹೊಸ್ಪೆಟ್ ಪವಿತ್ರ ಶಿಲುಬೆಯ ಚರ್ಚ್ ಮಾತ್ರ ಚೌಟ ಅರಸರ ಮಧ್ಯಸ್ಥಿಕೆಯಿಂದ ಉಳಿಯಿತೆಂದು ಪ್ರತೀತಿ. ಜೈನ ಅರಸುಮನೆ ಕ್ರೈಸ್ತ ಗುಡಿಯನ್ನು ಕಾದ ಈ ಸಂಗತಿ ಇನ್ನೂ ಹೆಚ್ಚು ಜನರಿಗೆ ಗೊತ್ತಿರಬೇಕಿತ್ತು. ಉಳಿದೆಡೆ ಎಲ್ಲವನ್ನೂ ಹೊಸದಾಗಿ ಕಟ್ಟಬೇಕಾಯಿತು. ಕಟ್ಟಡ ಏಳುವವರೆಗೂ ಕಾಯಬೇಕಿಲ್ಲದ ಆಚಾರಗಳು ಎರಡಿದ್ದವು. ಮನೆಯವರೆಲ್ಲ ಸಂಜೆ ಕೂಡಿ ಹೇಳುವ ಜಪಸರದ ಪ್ರಾರ್ಥನೆ, ಕೊಂಕಣಿಯ ತೆರ್ಸ್, ಪಾದ್ರಿಯನ್ನು ಬೇಡುವುದಿಲ್ಲ, ಬೆಳ್ಳಿಯ ಪಾತ್ರೆಯನ್ನೂ ಬೇಡುವುದಿಲ್ಲ. ತೆನೆಹಬ್ಬಕ್ಕೆ ಬೇಕಾದದ್ದು ಒಂದು ತೆನೆ. ಕಡಿಮೆ ವಸ್ತು ಬೇಡುವ ಆಚಾರವೇ ಗಟ್ಟಿಯಾಗಿ ಉಳಿಯುತ್ತದೆ.

ಮುಂದಿನ ಸುಮಾರು ನೂರೆಪ್ಪತ್ತೈದು ವರ್ಷ ಬೆಳ್ತಂಗಡಿ ಸೀಮೆಯ ಬಹಳಷ್ಟು ಕ್ರೈಸ್ತ ಕುಟುಂಬಗಳು ನೆರೆಹೊರೆಯ ಇತರ ಒಕ್ಕಲುಗಳಂತೆ ಬೇರೆಯವರ ಭೂಮಿಯ ಚಾಲಗೇಣಿಯಲ್ಲೇ ಕಳೆದವು. ಗೇಣಿಯ ಅಕ್ಕಿ ಧಣಿಗೆ ಅಳೆದ ಮೇಲೆ ಉಳಿದದ್ದು ತಮಗೆ. ಅಂಥ ಮನೆಯಲ್ಲಿ ಮೊದಲ ತೆನೆಯನ್ನು ದೇವರಿಗೆ ಬಿಡುವುದು ತೋರಿಕೆಯ ಮಾತಾಗಿರಲಿಲ್ಲ. 1974ರ ಮಾರ್ಚ್ 1ರಿಂದ ಜಾರಿಗೆ ಬಂದ ಭೂಸುಧಾರಣಾ ತಿದ್ದುಪಡಿ ಉಳುವವರನ್ನು ಒಡೆಯರನ್ನಾಗಿ ಮಾಡಿತು. ಬೆನ್ನಿಗೇ ಕೊಲ್ಲಿ ದೇಶಗಳ ದುಡಿಮೆ ಬಂತು. ಹಂಚಿನ ಮನೆಗಳ ಜಾಗದಲ್ಲಿ ತಾರಸಿ ಮನೆಗಳು ಎದ್ದವು, ಮದುವೆಗಳು ಅಂಗಳದಿಂದ ಸಭಾಭವನಕ್ಕೆ ಹೋದವು. ವಸ್ತು ಹೆಚ್ಚಿದಾಗ ಭಕ್ತಿ ಸೊರಗಿತೇ ಎಂದು ಅಳೆಯಲು ಮಾಪಕವಿಲ್ಲ. ಹಂಚಿ ತಿನ್ನುವ ಅನಿವಾರ್ಯತೆಯಂತೂ ಹೋಯಿತು. ಈಗ ಹಂಚಿಕೆ ಮನಸ್ಸಿದ್ದರೆ ಮಾತ್ರ, ಅಂದರೆ ಅದು ಸನ್ಯಾಸಿಗಳ ವ್ರತಕ್ಕೆ ಹತ್ತಿರ ಬಂದಿದೆ. ಪೋಪ್ ಫ್ರಾನ್ಸಿಸ್ 2015ರ ‘ಲೌದಾತೊ ಸೀ’ ವಿಶ್ವಪತ್ರದಲ್ಲಿ ಗೃಹಸ್ಥರಿಂದಲೂ ಕೇಳಿದ್ದು ಇಂಥದೇ ಮಿತವಾದ ಬದುಕನ್ನು.

ಮಡಂತ್ಯಾರಿನಿಂದ ಗುರುವಾಯನಕೆರೆಯ ಕಡೆಗೆ ಇಂದು ಕಣ್ಣಿಗೆ ಬೀಳುವುದು ಹೆಚ್ಚಾಗಿ ಅಡಿಕೆ ತೋಟ, ರಬ್ಬರ್. ಭತ್ತದ ಗದ್ದೆ ಅಪರೂಪ. ತೆನೆಯನ್ನು ಗದ್ದೆ ಉಳಿಸಿಕೊಂಡವರಿಂದ ತರಿಸಿಕೊಳ್ಳಬೇಕು. ಅದನ್ನು ಹಂಚುವಾಗ ಗದ್ದೆ ಇದ್ದ ಮನೆಗೂ ಇಲ್ಲದ ಮನೆಗೂ ಸಿಗುವುದು ಒಂದೇ ಅಳತೆ.