ಹೊಡೆತಕ್ಕೆ ಮುಂಚಿನ ನಿಲುವು

ಗಾಲ್ಫ್ ಆಟದ ಚರಿತ್ರೆಯನ್ನು ಶಿರಸಿಯಲ್ಲಿ ಕುಳಿತು ಬರೆಯುವುದು ಓದುಗರಿಗೆ ವಿಚಿತ್ರವಾಗಿ ತೋರಬಹುದು. ಶಿರಸಿ, ಸಿದ್ದಾಪುರ, ಯಲ್ಲಾಪುರ – ಘಟ್ಟದ ಮೇಲಿನ ಈ ಮೂರು ತಾಲೂಕುಗಳಲ್ಲಿ ಅಡಿಕೆಯ ತೋಟಗಳುಂಟು, ಸೊಪ್ಪಿನ ಬೆಟ್ಟಗಳುಂಟು, ಕಣಿವೆಯ ಗದ್ದೆಗಳುಂಟು. ಎಕರೆಗಟ್ಟಲೆ ನೆಲದಲ್ಲಿ ಹುಲ್ಲು ಬೆಳೆಸಿ, ಅದನ್ನು ಒಪ್ಪವಾಗಿ ಕತ್ತರಿಸಿ, ಅದರ ಮೇಲೊಂದು ಪುಟ್ಟ ಚೆಂಡನ್ನು ಅಟ್ಟಿಕೊಂಡು ಹೋಗುವ ವೈಭವ ನಮ್ಮದಲ್ಲ. ಆದರೂ ಈ ಆಟದ ಚರಿತ್ರೆಯನ್ನು ಓದುತ್ತ ಹೋದಂತೆ ನನಗೆ ಮತ್ತೆ ಮತ್ತೆ ನಮ್ಮ ಸೀಮೆಯ ಜನರೇ ನೆನಪಾದರು. ಹೊಡೆತದ ಗುಣದೋಷಗಳು ಕೈಯಲ್ಲಿ ಕಾಣಿಸಿಕೊಂಡರೂ ಅವು ಹುಟ್ಟುವುದು ಕಾಲಿನಲ್ಲಿ ಎಂಬ ಮಾತು ಕೊಡಲಿ ಹಿಡಿದವನಿಗೂ ಗೆಜ್ಜೆ ಕಟ್ಟಿದವನಿಗೂ ಗೊತ್ತಿರುವುದೇ. ಗಾಲ್ಫಿನವರು ಆ ಒಂದು ಮಾತನ್ನು ಮುನ್ನೂರು ವರ್ಷಗಳಿಗೂ ಮೇಲ್ಪಟ್ಟು ಬರೆದಿಡುತ್ತ ಬಂದಿದ್ದಾರೆ. ಅದರಿಂದಾಗಿ ಮನುಷ್ಯನ ಎರಡು ಪಾದಗಳ ನಡುವಿನ ಅಂತರಕ್ಕೂ ಒಂದು ಇತಿಹಾಸ ದೊರೆತಿದೆ.

ಮೊದಲು ಆಟದ ಸ್ವರೂಪವನ್ನು ಎರಡು ಮಾತಿನಲ್ಲಿ ಹೇಳಬೇಕು. ಕ್ರಿಕೆಟಿನಲ್ಲಿ ಚೆಂಡು ದಾಂಡಿಗನ ಕಡೆಗೆ ಬರುತ್ತದೆ. ತಪ್ಪಿದರೆ ಚೆಂಡೆಸೆದವನ ಜಾಣತನವನ್ನು ಮುಂದೆ ಮಾಡಬಹುದು. ನಮ್ಮ ಚಿನ್ನಿದಾಂಡಿನಲ್ಲಿ ಚಿನ್ನಿ ನೆಲದಿಂದ ಚಿಮ್ಮಿದ ಮೇಲೆ ಪೆಟ್ಟು ಬೀಳುತ್ತದೆ. ಗಾಲ್ಫಿನ ಚೆಂಡಾದರೋ ಸುಮ್ಮನೆ ಬಿದ್ದಿರುತ್ತದೆ. ಆಟಗಾರ ಅದರ ಪಕ್ಕದಲ್ಲಿ ಬಂದು, ಕಾಲು ಊರಿ, ದಾಂಡಿನ ತಲೆಯನ್ನು ಚೆಂಡಿನ ಹಿಂದಿಟ್ಟು ಸಜ್ಜಾಗುತ್ತಾನೆ. ಈ ಸಜ್ಜಿಗೆ ಇಂಗ್ಲಿಷರು ಇಟ್ಟ ಹೆಸರು ‘ಅಡ್ರೆಸ್’. ಸಭೆಯನ್ನು ಉದ್ದೇಶಿಸಿ ಮಾತನಾಡುವುದಕ್ಕೂ ಕಾಗದದ ಮೇಲಿನ ವಿಳಾಸಕ್ಕೂ ಇರುವ ಶಬ್ದವೇ ಅದು. ಕನ್ನಡದಲ್ಲಿ ಇದಕ್ಕೆ ‘ನಿಲುವು’ ಎಂದರೆ ಸಾಕೆಂದು ನನಗೆ ತೋರುತ್ತದೆ. ಮೈಯ ಎತ್ತರವೂ ನಿಲುವು, ನಿಂತ ರೀತಿಯೂ ನಿಲುವು, ಮನಸ್ಸು ತಳೆದ ತೀರ್ಮಾನವೂ ನಿಲುವು. ಆಟಗಾರ ಚೆಂಡಿನ ಮುಂದೆ ನಿಂತಾಗ ಈ ಮೂರೂ ಒಟ್ಟಿಗೆ ಕೆಲಸ ಮಾಡುತ್ತವೆ.

ಈ ನಿಲುವನ್ನು ಕುರಿತು ಬರೆದಿಟ್ಟವರಲ್ಲಿ ನಮಗೆ ತಿಳಿದಿರುವ ಮೊದಲಿಗ ಎಡಿನ್‌ಬರೋ ನಗರದ ಥಾಮಸ್ ಕಿನ್‌ಕೇಡ್ ಎಂಬ ವೈದ್ಯ ವಿದ್ಯಾರ್ಥಿ. ೧೬೮೭ನೆಯ ಇಸವಿಯ ಚಳಿಗಾಲದಲ್ಲಿ ಅವನು ತನ್ನ ದಿನಚರಿಯಲ್ಲಿ ಗಾಲ್ಫ್ ಹೊಡೆಯುವ ಬಗೆಯನ್ನು ವಿಚಾರ ಮಾಡಿದ್ದಾನೆ. ಕತ್ತಿವರಸೆಯಲ್ಲಿ ನಿಂತ ಹಾಗೆ ಮೊಣಕಾಲು ತುಸು ಬಾಗಿಸಿ ನಿಲ್ಲಬೇಕು; ಚೆಂಡು ಎದೆಯ ನೇರಕ್ಕೆ, ಸ್ವಲ್ಪ ಎಡಗಾಲಿನ ಕಡೆಗೆ ಇರಬೇಕು; ಎಡಪಾದ ಬಲಪಾದಕ್ಕಿಂತ ಕೊಂಚ ಮುಂದಿರಬಹುದು, ಸಮನಾಗಿದ್ದರೆ ಇನ್ನೂ ಲೇಸು; ಭಾರ ಹೆಚ್ಚಾಗಿ ಬಲಗಾಲಿನ ಮೇಲೆ – ಹೀಗೆ ಸಾಗುತ್ತದೆ ಅವನ ವಿಚಾರ. ಶರೀರಶಾಸ್ತ್ರ ಓದುತ್ತಿದ್ದವನಾದ್ದರಿಂದ ಯಾವ ಸ್ನಾಯು ಬಿಗಿಯಾಗಿರಬೇಕೆಂಬುದನ್ನೂ ಬಿಟ್ಟಿಲ್ಲ. ಗಾಲ್ಫಿನ ಹದಿಮೂರು ನಿಯಮಗಳು ಲೀತ್ ಎಂಬಲ್ಲಿ ಬರಹಕ್ಕಿಳಿದದ್ದು ೧೭೪೪ರಲ್ಲಿ. ಎಂದರೆ ಆಟದ ಕಾನೂನು ಬರೆಯುವುದಕ್ಕೂ ಅರ್ಧ ಶತಮಾನಕ್ಕೆ ಹಿಂದೆಯೇ ಒಬ್ಬ ತರುಣ ತನ್ನ ಪಾದಗಳ ಲೆಕ್ಕ ಬರೆದಿದ್ದ.

ಪಾದ ಒಂದಂಗುಲ ಆಚೀಚೆಯಾದರೆ ಅಷ್ಟೇನು ಕೆಡುತ್ತದೆ ಎಂದು ಕೇಳಬಹುದು. ಬೀಸಿದ ದಾಂಡಿನ ತಲೆ ನೆಟ್ಟಗೆ ಸಾಗುವುದಿಲ್ಲ, ವೃತ್ತದ ಒಂದು ತುಂಡಿನಂತೆ ಕೆಳಗಿಳಿದು ಮತ್ತೆ ಮೇಲೇಳುತ್ತದೆ. ಬಲಗೈ ಆಟಗಾರ ಚೆಂಡನ್ನು ಬಲಗಾಲಿನತ್ತ ಸ್ವಲ್ಪ ಸರಿಸಿಕೊಂಡನೆನ್ನಿ. ದಾಂಡು ಇನ್ನೂ ಇಳಿಯುತ್ತಿರುವಾಗಲೇ, ಅದರ ಮುಖ ಇನ್ನೂ ಬಲಕ್ಕೆ ತೆರೆದಿರುವಾಗಲೇ ಚೆಂಡಿಗೆ ತಾಗುತ್ತದೆ. ಚೆಂಡು ತಗ್ಗಾಗಿ, ಬಲಕ್ಕೆ ಹೊರಡುತ್ತದೆ. ಎಡಗಾಲಿನತ್ತ ಸರಿಸಿದರೆ ತಾಗುವ ವೇಳೆಗೆ ದಾಂಡು ಎಡಕ್ಕೆ ತಿರುಗತೊಡಗಿರುತ್ತದೆ. ಅಷ್ಟೇ ಅಲ್ಲ, ದೂರದ ಚೆಂಡನ್ನು ಎಟುಕಿಸಿಕೊಳ್ಳಲು ಭುಜಗಳೂ ಅರಿವಿಲ್ಲದೆಯೇ ಎಡಕ್ಕೆ ಹೊರಳುತ್ತವೆ. ಚೆಂಡು ಸರಿದದ್ದು ಒಂದಂಗುಲ. ಅದರ ಹಿಂದೆ ಭುಜ, ಸೊಂಟ, ಮಣಿಕಟ್ಟು ಎಲ್ಲವೂ ಸಾಲಾಗಿ ಸರಿದವು. ದಾಂಡಿನ ಮುಖ ಒಂದೇ ಡಿಗ್ರಿ ಓರೆಯಾದರೂ ೨೦೦ ಮೀಟರ್ ದೂರದಲ್ಲಿ ಚೆಂಡು ಸುಮಾರು ಮೂರೂವರೆ ಮೀಟರ್ ಆಚೆ ಬೀಳುತ್ತದೆ. ಅದು ಕೊನೆಗೆ ಸೇರಬೇಕಾದ ಕುಳಿಯ ಅಗಲವಾದರೋ ೧೦೮ ಮಿಲಿಮೀಟರ್ ಮಾತ್ರ.

ಇದರಲ್ಲಿ ಇನ್ನೊಂದು ತಮಾಷೆಯುಂಟು. ಚೆಂಡು ಯಾವಾಗಲೂ ಬಲಕ್ಕೆ ಹೊರಳಿಹೋಗುತ್ತಿದ್ದರೆ ಹೊಸಬನು, ಹಾಗಾದರೆ ಎಡಕ್ಕೇ ಗುರಿಯಿಡೋಣವೆಂದು ಎಡಕ್ಕೆ ತಿರುಗಿ ನಿಲ್ಲುತ್ತಾನೆ. ಆಗ ಅವನ ದಾಂಡು ಚೆಂಡನ್ನು ಮತ್ತಷ್ಟು ಅಡ್ಡವಾಗಿ ಸವರುತ್ತದೆ. ಚೆಂಡು ಮತ್ತಷ್ಟು ಬಲಕ್ಕೆ ಹೊರಳುತ್ತದೆ. ಅವನು ಇನ್ನಷ್ಟು ಎಡಕ್ಕೆ ತಿರುಗುತ್ತಾನೆ. ಮದ್ದೇ ರೋಗವನ್ನು ಬೆಳೆಸುವ ಈ ಬಗೆ ಗಾಲ್ಫಿಗೆ ಮಾತ್ರ ಮೀಸಲಲ್ಲವೆಂದು ಬೇರೆ ಹೇಳಬೇಕೆ?

ನಾನು ಹುಡುಗನಾಗಿದ್ದಾಗ ಮಳೆಗಾಲಕ್ಕೆ ಮುಂಚೆ ಮನೆಯ ಹಿತ್ತಿಲಲ್ಲಿ ಕಟ್ಟಿಗೆ ಒಡೆಯುವ ಕೆಲಸವಿರುತ್ತಿತ್ತು. ಕೊಡಲಿ ಓರೆಯಾಗಿ ಬಿದ್ದಾಗಲೆಲ್ಲ ನಾನು ಕೈಯ ಹಿಡಿತ ಬಿಗಿ ಮಾಡುತ್ತಿದ್ದೆ. ಜಗಲಿಯ ಮೇಲೆ ಕುಳಿತ ಅಜ್ಜ, “ಕೈ ನೋಡ್ಕಳಡ ತಮಾ, ಕಾಲು ನೋಡ್ಕ. ಕಾಲು ಸರೀ ನಿಂತ್ರೆ ಕೊಡ್ಲಿ ತನ್ನಷ್ಟಕ್ಕೇ ಬೀಳ್ತು” ಎನ್ನುತ್ತಿದ್ದ. ಕಿನ್‌ಕೇಡನ ದಿನಚರಿಯ ಸಾರಾಂಶವೂ ಹೆಚ್ಚು ಕಡಿಮೆ ಇಷ್ಟೇ.

ಆದರೆ ‘ಸರಿ’ ಎಂದರೆ ಯಾವುದು? ಇಲ್ಲಿಂದ ನಿಜವಾದ ಚರಿತ್ರೆ ಪ್ರಾರಂಭವಾಗುತ್ತದೆ. ಒಂದು ಕಾಲದಲ್ಲಿ ಗಾಲ್ಫಿನ ಚೆಂಡೆಂದರೆ ಹಕ್ಕಿಯ ಗರಿಗಳನ್ನು ತುರುಕಿ ಹೊಲಿದ ತೊಗಲಿನ ಚೆಂಡು. ಬಹಳ ಬೆಲೆಯದು, ಬೇಗ ಹರಿಯುವಂಥದು. ಉದ್ದನೆಯ ಬಳುಕುವ ಮರದ ದಾಂಡನ್ನು ಮೈಸುತ್ತ ಚಪ್ಪಟೆಯಾಗಿ ಬೀಸುತ್ತಿದ್ದ ಆಟಗಾರರು ಕಾಲುಗಳನ್ನು ಅಗಲವಾಗಿ ಊರುತ್ತಿದ್ದರು. ೧೮೪೮ರ ಸುಮಾರಿಗೆ ಮಲಯ ಸೀಮೆಯ ಮರದ ಹಾಲಿನಿಂದಾದ ಗಟ್ಟಾಪರ್ಚದ ಚೆಂಡು ಬಂದಿತು. ಭಾರತದಿಂದ ಸ್ಕಾಟ್ಲೆಂಡಿಗೆ ಕಳಿಸಿದ ವಿಷ್ಣುವಿನ ವಿಗ್ರಹವೊಂದನ್ನು ಈ ಗಟ್ಟಾಪರ್ಚದಲ್ಲಿ ಪೊಟ್ಟಣ ಕಟ್ಟಲಾಗಿತ್ತೆಂದೂ ಆ ಹೊದಿಕೆಯಿಂದಲೇ ಮೊದಲ ಚೆಂಡು ಉರುಟಾಯಿತೆಂದೂ ಅಲ್ಲಿ ಒಂದು ಐತಿಹ್ಯವುಂಟು. ಕಥೆಯ ನಿಜ ಹೇಗೇ ಇರಲಿ, ಅಗ್ಗದ ಚೆಂಡು ಬಂದು ಬಡವರ ಕೈಗೂ ಆಟ ಎಟುಕಿತು.

ಹಾಗೆ ಎಟುಕಿಸಿಕೊಂಡವರಲ್ಲಿ ಹ್ಯಾರಿ ವಾರ್ಡನ್ ಒಬ್ಬ. ಜರ್ಸಿ ದ್ವೀಪದ ತೋಟಗಾರನ ಮಗ, ತಾನೂ ತೋಟದ ಕೆಲಸ ಮಾಡಿದವ. ಅವನು ಬಲಪಾದವನ್ನು ಮುಂದಿಟ್ಟು, ಗುರಿಯತ್ತ ಮೈಯನ್ನು ತುಸು ತೆರೆದು ನಿಲ್ಲುತ್ತಿದ್ದ. ದಾಂಡನ್ನು ಹಿಂದಿನವರಿಗಿಂತ ಹೆಚ್ಚು ನೆಟ್ಟಗೆ ಎತ್ತುತ್ತಿದ್ದ. ಅವನ ಚೆಂಡು ಎತ್ತರಕ್ಕೆ ಹಾರಿ ಮೆತ್ತಗೆ ಇಳಿಯುತ್ತಿತ್ತು. ೧೮೯೬ರಿಂದ ೧೯೧೪ರ ವರೆಗೆ ಆರು ಸಾರಿ ಅವನು ಬ್ರಿಟಿಷ್ ಓಪನ್ ಗೆದ್ದ ಮೇಲೆ ಅವನ ನಿಲುವೇ ಶಾಸ್ತ್ರವಾಯಿತು. ಆ ಶಾಸ್ತ್ರವೂ ಬಹುಕಾಲ ಬಾಳಲಿಲ್ಲ. ೧೯೦೨ರಲ್ಲಿ ರಬ್ಬರ್ ದಾರ ಸುತ್ತಿದ ಚೆಂಡಿನಿಂದ ಸ್ಯಾಂಡಿ ಹರ್ಡ್ ಗೆದ್ದ. ೧೯೨೯ರಲ್ಲಿ ಉಕ್ಕಿನ ಕೋಲಿನ ದಾಂಡಿಗೆ ಬ್ರಿಟನ್ನಿನಲ್ಲಿ ಅನುಮತಿ ದೊರೆಯಿತು. ಮರದಂತೆ ತಿರುಚಿಕೊಳ್ಳದ ಉಕ್ಕು ಹೊಸ ಬೀಸನ್ನು ಕೇಳಿತು, ಹೊಸ ಬೀಸು ಹೊಸ ನಿಲುವನ್ನು ಬೇಡಿತು.

ಆ ಹೊಸ ನಿಲುವಿನ ಸೂತ್ರಕಾರನೆಂದರೆ ಟೆಕ್ಸಾಸಿನ ಕಮ್ಮಾರನ ಮಗ ಬೆನ್ ಹೋಗನ್. ಹುಡುಗನಾಗಿದ್ದಾಗ ಇತರರ ದಾಂಡಿನ ಚೀಲ ಹೊತ್ತು ಆಟ ಕಲಿತವನು. ಅವನ ಚೆಂಡು ವರ್ಷಗಟ್ಟಲೆ ಎಡಕ್ಕೆ ಸೆಳೆದುಕೊಂಡು ಹೋಗುತ್ತಿತ್ತು. ಜೀವನೋಪಾಯವೇ ಆಟವಾದವನಿಗೆ ಅದು ಅನ್ನದ ಪ್ರಶ್ನೆ. ಎಡಗೈಯ ಹೆಬ್ಬೆರಳನ್ನು ಹಿಡಿಕೆಯ ಮೇಲೆ ತುಸು ಸರಿಸಿ, ಮಣಿಕಟ್ಟಿನ ತಿರುವನ್ನು ತಿದ್ದಿ ಅವನು ಆ ಕಾಟದಿಂದ ಪಾರಾದ. ೧೯೪೯ರ ಫೆಬ್ರವರಿಯಲ್ಲಿ ಅವನ ಕಾರಿಗೆ ಬಸ್ಸು ಡಿಕ್ಕಿ ಹೊಡೆದು ಮೂಳೆಗಳು ಮುರಿದವು. ಮರುವರ್ಷವೇ ಅಮೆರಿಕದ ಓಪನ್ ಗೆದ್ದ. ೧೯೫೭ರ ತನ್ನ ‘ಫೈವ್ ಲೆಸನ್ಸ್’ ಪುಸ್ತಕದಲ್ಲಿ ಅವನು ಪಾದಗಳಿಗೆ ವಿಧಿಸಿದ ನಿಯಮ ಇದು: ಬಲಪಾದ ಗುರಿಯ ಗೆರೆಗೆ ಲಂಬವಾಗಿರಲಿ, ಎಡಪಾದದ ತುದಿ ಕಾಲುಭಾಗ ಹೊರಕ್ಕೆ ತಿರುಗಿರಲಿ. ಬಲಪಾದ ನೆಟ್ಟಗಿದ್ದರೆ ದಾಂಡನ್ನು ಹಿಂದಕ್ಕೆ ಒಯ್ಯುವಾಗ ಸೊಂಟ ಅತಿಯಾಗಿ ಹೊರಳದು. ಭುಜ ಮಾತ್ರ ತಿರುಗಿ ಮೈ ಹುರಿಗೊಳ್ಳುತ್ತದೆ. ಎಡಪಾದ ತೆರೆದಿದ್ದರೆ ಹೊಡೆದ ಮೇಲೆ ಸೊಂಟ ಸಲೀಸಾಗಿ ಗುರಿಯತ್ತ ತಿರುಗುತ್ತದೆ. ಪಾದದ ತುದಿಯ ಅಷ್ಟು ತಿರುವು ಇಡೀ ಮೈಯ ವೇಗಕ್ಕೆ ಒಡ್ಡೂ ಆಗುತ್ತದೆ, ತೂಬೂ ಆಗುತ್ತದೆ.

ಈ ಪುಸ್ತಕವನ್ನು ಲಕ್ಷಾಂತರ ಜನ ಓದಿದರು. ಎಡಕ್ಕೆ ಸೆಳೆಯುವ ಚೆಂಡಿನ ಭಯದಿಂದ ಹೋಗನ್ ಕಟ್ಟಿಕೊಂಡ ವಿಧಾನವನ್ನು, ಚೆಂಡು ಬಲಕ್ಕೆ ಹೊರಳುವ ಸಾಮಾನ್ಯರೂ ಹಾಗೆಯೇ ಎತ್ತಿಕೊಂಡರು. ಅವರಿಗೆ ಅದರಿಂದ ಲಾಭಕ್ಕಿಂತ ತೊಂದರೆಯೇ ಹೆಚ್ಚೆಂದು ಮುಂದಿನ ಶಿಕ್ಷಕರು ಅನೇಕರು ಹೇಳಿದ್ದಾರೆ. ಚೆಂಡು ಹೊರಡುವ ದಿಕ್ಕನ್ನು ದಾಂಡಿನ ದಾರಿಗಿಂತ ದಾಂಡಿನ ಮುಖವೇ ಹೆಚ್ಚಾಗಿ ನಿರ್ಣಯಿಸುತ್ತದೆ ಎಂಬುದನ್ನು ಈಚಿನ ದಶಕಗಳಲ್ಲಿ ರೇಡಾರ್ ಯಂತ್ರಗಳು ಅಳೆದು ತೋರಿಸಿದ ಮೇಲೆ, ಹಿಂದಿನ ಪಠ್ಯಗಳ ಎಷ್ಟೋ ಉಪದೇಶಗಳನ್ನು ತಿದ್ದಬೇಕಾಯಿತು. ಗುರುವಿನ ನಿಲುವು ಗುರುವಿನ ಮೈಗೆ, ಅವನ ಕಾಲದ ದಾಂಡಿಗೆ, ಅವನ ಚೆಂಡಿಗೆ ಕೊಟ್ಟ ಉತ್ತರ. ಪ್ರಶ್ನೆ ಬದಲಾದ ಮೇಲೂ ಉತ್ತರವನ್ನೇ ಕಂಠಪಾಠ ಮಾಡಿಸುವುದು ಆಟದ ಮೈದಾನದಲ್ಲೂ ನಮ್ಮ ತರಗತಿಗಳಲ್ಲೂ ನಡೆಯುತ್ತ ಬಂದಿರುವ ಅನ್ಯಾಯ.

ಆಟದ ಕಾನೂನಿಗೂ ಈ ಸಂಗತಿ ತಿಳಿದಿದೆ. ಕುಳಿಯ ಬಳಿ ಗುರಿಗೆರೆಯ ಎರಡೂ ಬದಿಗೆ ಕಾಲಿಟ್ಟು ನಿಂತು, ಕಾಲುಗಳ ನಡುವಿನಿಂದ ಚೆಂಡು ತಳ್ಳುವುದನ್ನು ಸ್ಯಾಮ್ ಸ್ನೀಡ್ ಎಂಬ ಹಿರಿಯ ಆಟಗಾರ ರೂಢಿಸಿಕೊಂಡಾಗ ೧೯೬೮ರಲ್ಲಿ ಆ ನಿಲುವನ್ನೇ ನಿಷೇಧಿಸಿದರು. ೨೦೧೯ರಿಂದ ಇನ್ನೊಂದು ನಿಯಮ ಬಂದಿದೆ. ಆಟಗಾರ ಕಾಲೂರತೊಡಗಿದ ಮೇಲೆ ಅವನ ಸಹಾಯಕ ಬೆನ್ನ ಹಿಂದೆ ಗುರಿಗೆರೆಯಲ್ಲಿ ನಿಂತು “ಇತ್ತ ತಿರುಗು, ಅತ್ತ ತಿರುಗು” ಎನ್ನುವಂತಿಲ್ಲ. ಗುರಿಗೆ ಮೈಯನ್ನು ಹೊಂದಿಸಿಕೊಳ್ಳುವುದೂ ಆಟದ ಕೌಶಲವೇ. ಅದನ್ನು ಆಟಗಾರ ತಾನೇ ಮಾಡಬೇಕು. ಕಲಿಸುವವರ ಕೆಲಸ ಎಲ್ಲಿಗೆ ನಿಲ್ಲಬೇಕೆಂಬುದನ್ನು ಇಷ್ಟು ಸ್ಪಷ್ಟವಾಗಿ ಹೇಳಿದ ನಿಯಮ ನಮ್ಮ ವಿದ್ಯಾಶಾಲೆಗಳಲ್ಲೂ ಇಲ್ಲ.

ಕನ್ನಡ ನಾಡಿಗೆ ಈ ಆಟ ಹೊಸದೇನೂ ಅಲ್ಲ. ಬೆಂಗಳೂರಿನ ಗಾಲ್ಫ್ ಕ್ಲಬ್ಬು ಹುಟ್ಟಿದ್ದು ೧೮೭೬ರಲ್ಲಿ, ವಾರ್ಡನ್ ಆರು ವರ್ಷದ ಕೂಸಾಗಿದ್ದಾಗ. ದೊರೆಗಳ ದಂಡಿನೊಡನೆ ಬಂದ ಆ ಆಟದಲ್ಲಿ ಅದೇ ಊರಿನ ಹುಡುಗಿ ಅದಿತಿ ಅಶೋಕ್, ಐದನೆಯ ವಯಸ್ಸಿಗೆ ದಾಂಡು ಹಿಡಿದು, ೨೦೨೧ರಲ್ಲಿ ನಡೆದ ಟೋಕಿಯೋ ಒಲಿಂಪಿಕ್ಸಿನಲ್ಲಿ ನಾಲ್ಕನೆಯವಳಾದಳು. ನಾಲ್ಕು ದಿನ, ೭೨ ಕುಳಿ, ೨೬೯ ಹೊಡೆತ. ಬೆಳ್ಳಿಗೂ ಕಂಚಿಗೂ ಸೆಣಸಿದ ಇಬ್ಬರ ಲೆಕ್ಕ ತಲಾ ೨೬೮. ದೂರ ಹೊಡೆಯುವವರ ನಡುವೆ ದೂರ ಹೊಡೆಯಲಾರದವಳು ಕೇವಲ ಒಂದು ಹೊಡೆತದ ಅಂತರಕ್ಕೆ ಬಂದು ನಿಂತದ್ದು ಬಲದಿಂದಲ್ಲ. ಪ್ರತಿ ಸಲವೂ ಚೆಂಡಿನ ಮುಂದೆ ಅದೇ ನಿಷ್ಠೆಯಿಂದ ನಿಂತದ್ದರಿಂದ. ಒಂದು ಹೊಡೆತದ ಬೆಲೆಯೇನೆಂದು ತಿಳಿಯಲು ಆ ಎರಡು ಅಂಕಿಗಳನ್ನು ಪಕ್ಕಪಕ್ಕದಲ್ಲಿಟ್ಟು ನೋಡಿದರೆ ಸಾಕು.

ಬಡಗುತಿಟ್ಟಿನ ವೇಷಧಾರಿ ಮಂಡಿ ಹಾಕಿ ಗಿರ್ರನೆ ತಿರುಗಿದಾಗ ನಾವೆಲ್ಲ ತಿರುಗುವಿಕೆಗೆ ಚಪ್ಪಾಳೆ ತಟ್ಟುತ್ತೇವೆ. ಮೊಣಕಾಲು ಊರಿದ ಕ್ಷಣವನ್ನು ಕಂಡವರು ಕಡಿಮೆ. ಕುಣಿಯಲಾರದವಳು ನೆಲ ಡೊಂಕೆಂದಳೆಂದು ಗಾದೆ ನಗುತ್ತದೆ. ನಗುವುದು ಸುಲಭ. ಕಲಿಸುವವನಾದರೋ ನೆಲವನ್ನು ಬಿಟ್ಟು, ಕುಣಿತವನ್ನೂ ಬಿಟ್ಟು, ಅವೆರಡರ ನಡುವೆ ಇರುವ ಪಾದವನ್ನು ಒಮ್ಮೆ ಬಗ್ಗಿ ನೋಡಬೇಕು.