ಕಡಲಾಳಕ್ಕೆ ಇಳಿಯಲು ಯಾವ ದ್ವೀಪ?

ಹರಿಹರದ ಹೊಳೆಯಲ್ಲಿ ಈಜು ಕಲಿತವರಿಗೆ ಸಮುದ್ರ ದೂರದ ಮಾತು. ತುಂಗಭದ್ರೆಯೇ ಪಶ್ಚಿಮ ಘಟ್ಟದಲ್ಲಿ ಹುಟ್ಟಿಯೂ ಹತ್ತಿರದ ಅರಬ್ಬಿ ಸಮುದ್ರಕ್ಕೆ ಬೆನ್ನು ಹಾಕಿ, ಕೃಷ್ಣೆಯನ್ನು ಕೂಡಿ ಬಂಗಾಳ ಕೊಲ್ಲಿಗೆ ಹೋಗುತ್ತಾಳೆ. ಆದರೂ ರಜೆಯಲ್ಲಿ ಸ್ಕೂಬಾ ಮಾಡಬೇಕು, ಹವಳ ನೋಡಬೇಕು ಎನ್ನುವ ಮಾತು ಈಗ ದಾವಣಗೆರೆಯಲ್ಲೂ ಕೇಳುತ್ತದೆ. 2022ರಲ್ಲಿ ತೆರೆಕಂಡ ‘ಗಂಧದ ಗುಡಿ’ಯಲ್ಲಿ ಪುನೀತ್ ರಾಜ್‌ಕುಮಾರ್ ನೇತ್ರಾಣಿಯ ನೀರಿಗೆ ಇಳಿದದ್ದನ್ನು ಕಂಡವರಲ್ಲಿ ಈ ಆಸೆ ಹುಟ್ಟಿದ್ದರೆ ಆಶ್ಚರ್ಯವಿಲ್ಲ.

ಈ ವಿದ್ಯೆಗೆ ವಯಸ್ಸು ಹೆಚ್ಚೇನೂ ಆಗಿಲ್ಲ. ಹಿಂದೆ ಆಳಕ್ಕೆ ಇಳಿಯುವವರು ಉಸಿರು ಬಿಗಿಹಿಡಿಯಬೇಕಿತ್ತು, ಇಲ್ಲವೇ ಮೇಲಿನ ದೋಣಿಯಿಂದ ಗಾಳಿ ತರುವ ಕೊಳವೆಗೆ ಕಟ್ಟುಬೀಳಬೇಕಿತ್ತು. 1943ರಲ್ಲಿ ಫ್ರಾನ್ಸಿನ ನೌಕಾಧಿಕಾರಿ ಜಾಕ್ ಕುಸ್ಟೋ ಮತ್ತು ಎಂಜಿನಿಯರ್ ಎಮಿಲ್ ಗಾನ್ಯಾ, ಬೆನ್ನ ಮೇಲಿನ ಸಿಲಿಂಡರಿನಿಂದ ಬೇಕಾದಷ್ಟೇ ಗಾಳಿಯನ್ನು ಬೇಕಾದ ಒತ್ತಡದಲ್ಲಿ ಬಿಡುವ ಕವಾಟವನ್ನು ರೂಪಿಸಿದರು. ಸಾಮಾನ್ಯರಿಗೆ ಕಡಲಾಳದ ಬಾಗಿಲು ತೆರೆದದ್ದು ಅಲ್ಲಿಂದ.

ಯಾವ ದ್ವೀಪಕ್ಕೆ ಹೋಗುವುದು ಎಂಬ ಪ್ರಶ್ನೆಯನ್ನು ಅಮೆರಿಕದವರು ಬಹುಕಾಲದಿಂದ ಕೇಳಿಕೊಳ್ಳುತ್ತಿದ್ದಾರೆ. ಅವರ ಪಕ್ಕದಲ್ಲೇ ಕೆರಿಬಿಯನ್ ಇದೆ. ಕ್ರಿಕೆಟ್ಟಿನಿಂದ ನಮಗೆ ಪರಿಚಿತವಾದ ವೆಸ್ಟ್ ಇಂಡೀಸ್ ಅದೇ. 1492ರಲ್ಲಿ ಕೊಲಂಬಸ್ ಇಂಡಿಯಾ ಹುಡುಕುತ್ತ ಅಲ್ಲಿಗೆ ತಲುಪಿದ್ದರಿಂದ ಆ ಹೆಸರು ಅಂಟಿತು. ಅಲ್ಲಿನ ಬೊನೇರ್ ದ್ವೀಪದಲ್ಲಿ ದೋಣಿಯೂ ಬೇಡ, ದಡದಿಂದ ನಡೆದೇ ಹವಳದ ದಿಬ್ಬಕ್ಕೆ ಇಳಿಯಬಹುದು. ಚಂಡಮಾರುತಗಳ ಮಾಮೂಲಿ ಹಾದಿ ಅದಕ್ಕಿಂತ ಉತ್ತರಕ್ಕಿದೆ. ಸುತ್ತಲಿನ ಕಡಲನ್ನು 1979ರಲ್ಲೇ ಸಾಗರ ಉದ್ಯಾನವೆಂದು ರಕ್ಷಿಸಿ, 1992ರಿಂದ ಮುಳುಗುವವರಿಂದ ಶುಲ್ಕ ಪಡೆದು ಅದರ ನಿರ್ವಹಣೆ ನಡೆಸಿದರು.

ಕೊಲಂಬಸ್ ತಪ್ಪಿಸಿಕೊಂಡ ಇಂಡಿಯಾಕ್ಕೆ ಆರು ವರ್ಷಗಳ ನಂತರ ವಾಸ್ಕೊ ಡ ಗಾಮ ಬಂದ. ಮಲ್ಪೆಯ ಎದುರಿನ ಸೇಂಟ್ ಮೇರೀಸ್ ದ್ವೀಪಗಳ ಹೆಸರಿನೊಂದಿಗೆ ಅವನ ಕಥೆ ಬೆಸೆದಿದೆ. ಅಲ್ಲಿ ನೋಡಬೇಕಾದದ್ದು ನೀರಿನ ಮೇಲೆಯೇ ಇದೆ: ಲಾವಾ ತಣಿದು ಕಂಬಕಂಬವಾಗಿ ನಿಂತ ಬಂಡೆಗಳು. ಕಾರವಾರದ ಬಳಿಯ ಅಂಜದೀವದಲ್ಲಿ ಪೋರ್ಚುಗೀಸರು 1505ರಲ್ಲಿ ಕೋಟೆ ಕಟ್ಟಲು ತೊಡಗಿದರು. 1660ರ ದಶಕದಲ್ಲಿ, ಮುಂಬಯಿಯನ್ನು ವಶಕ್ಕೆ ಪಡೆಯಲು ಬಂದ ಇಂಗ್ಲಿಷ್ ಸೈನಿಕರು ಅಲ್ಲಿ ಕಾಯುತ್ತಲೇ ಕಾಯಿಲೆಬಿದ್ದು ನೂರಾರು ಸಂಖ್ಯೆಯಲ್ಲಿ ಸತ್ತರು. ಅದೀಗ ನೌಕಾಪಡೆಯ ಸ್ಥಳ. ಪ್ರವಾಸಿಗನ ಪಟ್ಟಿಯಿಂದ ಇವೆರಡನ್ನೂ ಬಿಡಬಹುದು.

ಉಳಿಯುವುದು ಮುರ್ಡೇಶ್ವರದ ನೇತ್ರಾಣಿ ಮತ್ತು ಲಕ್ಷದ್ವೀಪ. (ಅಂಡಮಾನ್ ಕೂಡ ಇದೆ. ಆದರೆ ಅದರ ದಾರಿ ಪೂರ್ವ ಕರಾವಳಿಯ ಕಡೆಯಿಂದ.) ಇಂದು ಒಂದು ನಮ್ಮದು, ಇನ್ನೊಂದು ಪರರದು ಎಂದು ನಮಗೆ ಅನಿಸುತ್ತದೆ. ಇತಿಹಾಸ ಹಾಗೆ ಹೇಳುವುದಿಲ್ಲ. ಲಕ್ಷದ್ವೀಪದ ಉತ್ತರ ಭಾಗದ ಅಮಿನಿ, ಕಡಮತ್, ಕಿಲ್ತಾನ್, ಚೆತ್ಲಾತ್, ಬಿತ್ರಾ ದ್ವೀಪಗಳು ಕಣ್ಣೂರಿನ ಅರಕ್ಕಲ್ ಬೀಬಿಯ ಕೈಯಲ್ಲಿದ್ದವು. ಆ ಆಡಳಿತದಿಂದ ಬೇಸತ್ತ ಜನ 1780ರ ದಶಕದಲ್ಲಿ ಟಿಪ್ಪು ಸುಲ್ತಾನನ ಮೊರೆಹೊಕ್ಕರು. ದ್ವೀಪಗಳು ಮೈಸೂರಿನ ಪಾಲಾದವು. 1799ರಲ್ಲಿ ಶ್ರೀರಂಗಪಟ್ಟಣ ಬಿದ್ದ ಮೇಲೆ ಕಂಪನಿ ಸರ್ಕಾರ ಅವನ್ನು ಕೆನರಾ ಜಿಲ್ಲೆಗೆ ಸೇರಿಸಿತು. ದ್ವೀಪದವರು ತೆಂಗಿನ ನಾರನ್ನು ಮಂಗಳೂರಿಗೆ ತಂದು ಅಕ್ಕಿ ಒಯ್ಯುತ್ತಿದ್ದರು.

ಅದೇ ಕಾಲದ ಹರಿಹರವನ್ನು ನೆನೆಯಿರಿ. ಅದು ಮೈಸೂರು ಸಂಸ್ಥಾನದ ಗಡಿಯೂರು. ಹೊಳೆ ದಾಟಿದರೆ ರಾಣೆಬೆನ್ನೂರು ತಾಲ್ಲೂಕು, ಮುಂಬಯಿ ಪ್ರಾಂತ್ಯ. ಮುರ್ಡೇಶ್ವರ, ನೇತ್ರಾಣಿಗಳಿದ್ದ ಉತ್ತರ ಕನ್ನಡವೂ ಮುಂಬಯಿಗೆ ಸೇರಿದ್ದು. ದಕ್ಷಿಣ ಕನ್ನಡದ ಜೊತೆಗೆ ಅಮಿನಿ, ಕಡಮತ್‌ಗಳು ಮದರಾಸಿಗೆ ಸೇರಿದ್ದವು. ಅಂದರೆ ಹರಿಹರದವನಿಗೆ ಎರಡೂ ದ್ವೀಪಗಳು ಪರಸೀಮೆ. 1956ರ ನವೆಂಬರ್ 1ರಂದು ಈ ಗೆರೆಗಳೆಲ್ಲ ಅಳಿಸಿಹೋದವು. ಉತ್ತರ ಕನ್ನಡದ ಜೊತೆ ನೇತ್ರಾಣಿ ನಮ್ಮ ರಾಜ್ಯಕ್ಕೆ ಬಂತು. ಅದೇ ದಿನ ಅಮಿನಿಯ ಗುಂಪು ಮಂಗಳೂರಿನ ನಂಟು ಕಳೆದುಕೊಂಡು ಕೇಂದ್ರಾಡಳಿತ ಪ್ರದೇಶದ ಭಾಗವಾಯಿತು. ಏಕೀಕರಣದ ಚರ್ಚೆಯಲ್ಲಿ ಕಾಸರಗೋಡು ಬರುತ್ತದೆ, ಈ ದ್ವೀಪಗಳ ಹೆಸರು ಬರುವುದು ಅಪರೂಪ.

ಹವಳಕ್ಕೆ ಲಕ್ಷದ್ವೀಪವೇ ಮಿಗಿಲು. ಅಲ್ಲಿನ ನೆಲವೇ ಹವಳದ್ದು, ನದಿಗಳ ಕೆಸರಿಲ್ಲ, ನೀರು ತಿಳಿ. ಆದರೆ ಪ್ರವೇಶಕ್ಕೆ ಅನುಮತಿ ಪತ್ರ ಬೇಕು, ಖರ್ಚೂ ಹೆಚ್ಚು. 1998, 2010 ಮತ್ತು 2016ರಲ್ಲಿ ಸಮುದ್ರ ಬಿಸಿಯೇರಿ ಅಲ್ಲಿನ ಹವಳ ಬಿಳಿಚಿ ಅಪಾರವಾಗಿ ಸತ್ತಿತು ಎಂಬುದನ್ನು ಬಣ್ಣದ ಜಾಹೀರಾತುಗಳು ಹೇಳುವುದಿಲ್ಲ.

ನೇತ್ರಾಣಿ ಬಂಡೆಯ ದ್ವೀಪ. ಮುರ್ಡೇಶ್ವರದಿಂದ ದೋಣಿಯಲ್ಲಿ ಸುಮಾರು 19 ಕಿಲೋಮೀಟರ್. ಬ್ರಿಟಿಷರು ಇದನ್ನು ಪಿಜನ್ ಐಲ್ಯಾಂಡ್, ಅಂದರೆ ಪಾರಿವಾಳದ ದ್ವೀಪ ಎಂದು ಕರೆದರು. ಮೀನುಗಾರರು ಇಲ್ಲಿ ಹರಕೆಗೆ ಆಡು ಬಿಡುತ್ತಿದ್ದರು. ನೌಕಾಪಡೆ ದೀರ್ಘಕಾಲ ಇದನ್ನು ಗುಂಡು ಹಾರಿಸುವ ಗುರಿಯಭ್ಯಾಸಕ್ಕೆ ಬಳಸಿತು, ಪರಿಸರ ತಜ್ಞರು ಅದನ್ನು ವಿರೋಧಿಸಿದರು. ಇಷ್ಟಾದರೂ ಬಂಡೆಯ ಸುತ್ತ ಹವಳ ಮತ್ತು ಬಣ್ಣದ ಮೀನುಗಳು ಉಳಿದಿವೆ. ಜೂನ್‌ನಿಂದ ಸೆಪ್ಟೆಂಬರ್‌ವರೆಗಿನ ಮಳೆಗಾಲದಲ್ಲಿ ಕಡಲು ಉಕ್ಕುವುದರಿಂದ ಅತ್ತ ಹೋಗುವಂತಿಲ್ಲ. ಮಳೆಯ ನಂತರದ ಚಳಿಗಾಲ ಒಳ್ಳೆಯದು. ಹೊಸಬರನ್ನು ತರಬೇತುದಾರರ ಜೊತೆಗೇ, 12 ಮೀಟರ್ ಮೀರದಂತೆ ಇಳಿಸಬೇಕೆಂಬುದು ನಿಯಮ. ಮೊದಲ ಸಲ ಇಳಿಯುವವರಿಗೆ ನನ್ನ ಓಟು ನೇತ್ರಾಣಿಗೆ. ಆದರೆ ಇಷ್ಟು ಚಿಕ್ಕ ಜಾಗಕ್ಕೆ ಬೊನೇರ್‌ನಂತೆ ಕಟ್ಟುನಿಟ್ಟಿನ ಕಾವಲು ಬೇಕು. ಒಬ್ಬೊಬ್ಬರೂ ಒಂದೊಂದು ಹವಳ ಮುಟ್ಟಿದರೆ ಹೆಚ್ಚು ಕಾಲ ಬಾಳದು.

ನಮ್ಮ ಊರಿನವರು ವಿಶೇಷವಾಗಿ ಗಮನಿಸಬೇಕಾದದ್ದು ಇನ್ನೊಂದಿದೆ. ನೀರೊಳಗೆ ಒತ್ತಡದಲ್ಲಿ ಉಸಿರಾಡುವಾಗ ಗಾಳಿಯ ಸಾರಜನಕ ರಕ್ತದಲ್ಲಿ ಕರಗುತ್ತದೆ. ಮೇಲೆ ಬಂದ ಮೇಲೆ ಅದು ನಿಧಾನವಾಗಿ ಹೊರಹೋಗಬೇಕು. ಒತ್ತಡ ತಟ್ಟನೆ ಇಳಿದರೆ ಗೋಲಿ ಸೋಡಾ ಒಡೆದಾಗಿನಂತೆ ಗುಳ್ಳೆ ಏಳುತ್ತವೆ. ಕೀಲುನೋವಿನಿಂದ ಪಾರ್ಶ್ವವಾಯುವಿನವರೆಗೆ ಏನೂ ಆಗಬಹುದು. ಅದಕ್ಕೇ ಒಂದು ಸಲ ಮುಳುಗಿದವರು 12 ಗಂಟೆ, ಹಲವು ಸಲ ಮುಳುಗಿದವರು 18 ಗಂಟೆ ವಿಮಾನ ಹತ್ತಬಾರದು ಎನ್ನುತ್ತಾರೆ. ಸುಮಾರು 600 ಮೀಟರ್ ಮೀರಿದ ಬೆಟ್ಟದ ದಾರಿಗೂ ಇದೇ ಲೆಕ್ಕ. ಗೇರುಸೊಪ್ಪೆ ಘಾಟಿ ಹತ್ತಿದರೆ ಹೆಚ್ಚುಕಡಿಮೆ ಅಷ್ಟೇ ಎತ್ತರ, ದಾವಣಗೆರೆಯೂ ಅಷ್ಟರಲ್ಲೇ ಇದೆ. ಮಧ್ಯಾಹ್ನ ನೇತ್ರಾಣಿಯಲ್ಲಿ ಮುಳುಗಿ ಸಂಜೆಯೇ ಕಾರು ಹತ್ತುವ ಬದಲು ರಾತ್ರಿ ಮುರ್ಡೇಶ್ವರದಲ್ಲಿ ತಂಗಿ, ಮರುದಿನ ಬೆಳಗಿನ ತಿಂಡಿ ಮುಗಿಸಿಕೊಂಡು ಹೊರಡುವುದು ಕ್ಷೇಮ.