ಚುನಾವಣೆಯ ಮೇಲಿನ ಶಂಕೆ ಮತ್ತು ಒಡೆಯರಪಾಳ್ಯದ ಪಾಠ

ಚುನಾವಣೆಯನ್ನು ಶಂಕೆಯಿಂದ ಕಾಣುವ ಸಂಪ್ರದಾಯನಿಷ್ಠ ದೃಷ್ಟಿಯೊಂದು ನಮ್ಮಲ್ಲಿ ಹಿಂದಿನಿಂದಲೂ ಇದೆ. ಪೂಜ್ಯನಾದ ನಾಯಕನಿರುವಾಗ ಮತಗಳನ್ನು ಎಣಿಸುವ ಅಗತ್ಯವೇನು ಎಂಬುದು ಅದರ ಮೊದಲ ಪ್ರಶ್ನೆ. ಮತವೇ ಹಣಕ್ಕೆ ಮಾರಾಟವಾದರೆ ಗತಿಯೇನು ಎಂಬುದು ಎರಡನೆಯದು. ಇವನ್ನು ಮೌಢ್ಯವೆಂದು ತಳ್ಳಿಹಾಕುವುದು ಸುಲಭ, ಉತ್ತರಿಸುವುದು ಕಷ್ಟ. ಕೊಳ್ಳೇಗಾಲ ಸೀಮೆಯ ಇತಿಹಾಸದಲ್ಲಿ ಎರಡಕ್ಕೂ ಉತ್ತರದ ಸುಳಿವು ದೊರೆಯುತ್ತದೆ.

ಹನೂರು ತಾಲ್ಲೂಕಿನ ಒಡೆಯರಪಾಳ್ಯದ ಬಳಿ 1970ರ ದಶಕದಲ್ಲಿ ನೆಲೆಗೊಂಡ ಧೊಂಡೆನ್‌ಲಿಂಗ್ ಎಂಬ ಟಿಬೆಟಿಯನ್ ವಸತಿ ಇದೆ. ಜೋಳದ ಹೊಲಗಳ ನಡುವೆ ಬದುಕು ಕಟ್ಟಿಕೊಂಡ ಈ ನಿರಾಶ್ರಿತರು ದೇಶವನ್ನು ಕಳೆದುಕೊಂಡಿದ್ದರೂ ಮತ ಹಾಕುವುದನ್ನು ಕಲಿತರು. ಧರ್ಮಶಾಲೆಯಲ್ಲಿರುವ ಅವರ ಸಂಸತ್ತಿಗೂ, ಸಿಕ್ಯೋಂಗ್ ಎಂಬ ಆಡಳಿತ ಮುಖ್ಯಸ್ಥನ ಸ್ಥಾನಕ್ಕೂ ನಡೆಯುವ ಚುನಾವಣೆಗಳಲ್ಲಿ ಇಂತಹ ವಸತಿಗಳ ಜನರೇ ಮತದಾರರು.

ಈ ಮತಾಧಿಕಾರ ಬಂದ ರೀತಿ ಗಮನಾರ್ಹವಾದುದು. ಲೋಕದ ಬಹುಪಾಲು ದೇಶಗಳಲ್ಲಿ ಪ್ರಜೆಗಳು ಹೋರಾಡಿ ಅರಸನಿಂದ ಅಧಿಕಾರವನ್ನು ಪಡೆದರು. ಇಲ್ಲಿ ಒಡೆಯನೇ ಕೊಡಲು ಮುಂದಾದರು, ಪ್ರಜೆಗಳು ಹಿಂಜರಿದರು. 1960ರ ಸೆಪ್ಟೆಂಬರ್ 2ರಂದು ಚುನಾಯಿತ ಪ್ರತಿನಿಧಿಗಳು ಮೊದಲ ಬಾರಿಗೆ ಪ್ರಮಾಣವಚನ ಸ್ವೀಕರಿಸಿದರು. 1963ರ ಕರಡು ಸಂವಿಧಾನದಲ್ಲಿ, ಅಗತ್ಯಬಿದ್ದರೆ ದಲೈ ಲಾಮಾ ಅವರ ಅಧಿಕಾರವನ್ನೇ ಹಿಂತೆಗೆದುಕೊಳ್ಳುವ ವಿಧಿಯೊಂದನ್ನು ಸೇರಿಸಬೇಕೆಂದು ಸ್ವತಃ ಅವರೇ ಹಟ ಹಿಡಿದರು. ಅನೇಕ ಟಿಬೆಟಿಯನ್ನರಿಗೆ ಅದನ್ನು ಕಲ್ಪಿಸಿಕೊಳ್ಳುವುದೂ ಅಸಹ್ಯವಾಗಿತ್ತು. ಕರುಣಾಮೂರ್ತಿಯೆಂದು ತಾವು ಪೂಜಿಸುವವರನ್ನು ಕೆಳಗಿಳಿಸುವ ನಿಯಮವನ್ನು ಭಕ್ತರು ಹೇಗೆ ತಾನೇ ಒಪ್ಪಿಯಾರು?

1991ರಲ್ಲಿ ಗಡೀಪಾರಾದವರ ಶಾಸನಪತ್ರ ಜಾರಿಗೆ ಬಂದಿತು. 2001ರಲ್ಲಿ ಮುಖ್ಯ ಸಚಿವರನ್ನು ಜನರು ನೇರವಾಗಿ ಆರಿಸಿದರು. ಸಮ್ಧೋಂಗ್ ರಿಂಪೋಚೆ ಆಯ್ಕೆಯಾದರು. 2011ರ ಮಾರ್ಚ್‌ನಲ್ಲಿ ದಲೈ ಲಾಮಾ ತಮ್ಮ ಉಳಿದ ರಾಜಕೀಯ ಅಧಿಕಾರವನ್ನೂ ಬಿಟ್ಟುಕೊಡುವುದಾಗಿ ಪ್ರಕಟಿಸಿದಾಗ, ಅದನ್ನು ಮರುಪರಿಶೀಲಿಸಬೇಕೆಂದು ಸಂಸತ್ತೇ ಬೇಡಿಕೊಂಡಿತು. ಅವರು ಒಪ್ಪಲಿಲ್ಲ. ಮೇ ತಿಂಗಳಲ್ಲಿ ಶಾಸನಪತ್ರ ತಿದ್ದುಪಡಿಯಾಯಿತು. ಆಗಸ್ಟ್ 8ರಂದು ಲೋಬ್ಸಾಂಗ್ ಸಾಂಗೆ ಅಧಿಕಾರ ವಹಿಸಿಕೊಂಡರು. ನಾಯಕನೊಬ್ಬನ ಯೋಗ್ಯತೆ ಅವನೊಂದಿಗೇ ಮುಗಿಯುತ್ತದೆ. ಅವನ ನಂತರವೂ ಸಮಾಜ ಉಳಿಯಬೇಕಾದರೆ ಅದು ತನ್ನ ಆಯ್ಕೆಯನ್ನು ತಾನೇ ಮಾಡಲು ಕಲಿಯಬೇಕು. ಮೊದಲನೆಯ ಪ್ರಶ್ನೆಗೆ ಇದೇ ಉತ್ತರ.

ಎರಡನೆಯ ಶಂಕೆಯನ್ನು ಅತ್ಯಂತ ನಿಷ್ಠುರವಾಗಿ ದಾಖಲಿಸಿದವರು ರಾಜಾಜಿ. ಕೊಳ್ಳೇಗಾಲಕ್ಕೆ ಅವರು ಹೊರಗಿನವರಲ್ಲ. 1956ರ ನವೆಂಬರ್ 1ರವರೆಗೆ ಈ ತಾಲ್ಲೂಕು ಮದರಾಸು ರಾಜ್ಯದ ಕೊಯಮತ್ತೂರು ಜಿಲ್ಲೆಗೆ ಸೇರಿತ್ತು. ಅಲ್ಲಿನ ಸರಕಾರವನ್ನು ರಾಜಾಜಿ ಎರಡು ಬಾರಿ ನಡೆಸಿದರು. 1922ರ ಜನವರಿಯಲ್ಲಿ ವೆಲ್ಲೂರು ಸೆರೆಮನೆಯ ದಿನಚರಿಯಲ್ಲಿ, ಸ್ವಾತಂತ್ರ್ಯ ಬಂದೊಡನೆ ಚುನಾವಣೆಗಳ ಭ್ರಷ್ಟತೆಯೂ ಧನದ ದರ್ಪವೂ ಜನಜೀವನವನ್ನು ನರಕವಾಗಿಸಬಹುದೆಂದು ಅವರು ಬರೆದಿಟ್ಟಿದ್ದರು. ಸ್ವಾತಂತ್ರ್ಯಕ್ಕೆ ಇನ್ನೂ 25 ವರ್ಷಗಳಿದ್ದಾಗಲೇ ಬರೆದ ಮಾತದು. ಇಂದು ಅದನ್ನು ಓದುವವರಿಗೆ ಅದು ಉತ್ಪ್ರೇಕ್ಷೆಯೆನಿಸದು.

ಆದರೆ ರಾಜಾಜಿಯವರಿಂದ ಕಲಿಯಬೇಕಾದ ಪಾಠ ಅವರ ಭವಿಷ್ಯವಾಣಿಗಿಂತ ಅವರ ನಡೆಯಲ್ಲಿದೆ. 1952ರಲ್ಲಿ ಮದರಾಸಿನಲ್ಲಿ ಕಾಂಗ್ರೆಸ್ಸಿಗೆ ಬಹುಮತ ಬಾರದಿದ್ದಾಗ, ಮತದಾರರನ್ನು ಎದುರಿಸದೆ ವಿಧಾನ ಪರಿಷತ್ತಿಗೆ ನಾಮಕರಣಗೊಂಡು ಅವರು ಮುಖ್ಯಮಂತ್ರಿಯಾದರು. ಆ ಹಾದಿ ಬಾಳಲಿಲ್ಲ. ಎರಡೇ ವರ್ಷಗಳಲ್ಲಿ, 1954ರಲ್ಲಿ, ಅಧಿಕಾರ ಬಿಡಬೇಕಾಯಿತು. ಜನರ ಒಪ್ಪಿಗೆಯ ಆಸರೆಯಿಲ್ಲದ ಆಡಳಿತಕ್ಕೆ ಎಂತಹ ಮೇಧಾವಿಯೂ ಬಲ ತುಂಬಲಾರ. 1959ರಲ್ಲಿ, ತಮ್ಮ 80ನೆಯ ವಯಸ್ಸಿನಲ್ಲಿ, ಅವರು ಸ್ವತಂತ್ರ ಪಕ್ಷವನ್ನು ಕಟ್ಟಿ ಮತ್ತೆ ಮತದಾರರ ಮುಂದೆಯೇ ಬಂದರು. 1967ರಲ್ಲಿ ಆ ಪಕ್ಷ 44 ಸ್ಥಾನಗಳೊಂದಿಗೆ ಲೋಕಸಭೆಯ ಅತಿದೊಡ್ಡ ವಿರೋಧ ಪಕ್ಷವಾಯಿತು. ಚುನಾವಣೆಯ ದೋಷಗಳನ್ನು ಅಷ್ಟು ಚೆನ್ನಾಗಿ ಬಲ್ಲವರೂ ಕೊನೆಗೆ ಚುನಾವಣೆಯನ್ನೇ ಆಶ್ರಯಿಸಿದರೆಂಬುದು ಮರೆಯಬಾರದ ಸಂಗತಿ.

ಒಬ್ಬನ ಮತದಿಂದ ಏನಾದೀತು ಎಂಬ ಉದಾಸೀನತೆಗೂ ಈ ಸೀಮೆಯೇ ಮದ್ದು ನೀಡಿದೆ. ಯಳಂದೂರಿಗೆ ನೆರೆಯ ಸಂತೇಮರಹಳ್ಳಿಯ ಹೆಸರಿನ ವಿಧಾನಸಭಾ ಕ್ಷೇತ್ರದಲ್ಲಿ 2004ರಲ್ಲಿ ಆರ್. ಧ್ರುವನಾರಾಯಣ ಅವರಿಗೆ 40,752 ಮತಗಳು, ಎ. ಆರ್. ಕೃಷ್ಣಮೂರ್ತಿ ಅವರಿಗೆ 40,751 ಮತಗಳು ಬಂದವು. ಅಂತರ ಕೇವಲ ಒಂದು ಮತ. ಕೃಷ್ಣಮೂರ್ತಿಯವರು ಮರಳಿ ಶಾಸಕರಾದದ್ದು 2023ರಲ್ಲಿ, ಕೊಳ್ಳೇಗಾಲದಿಂದ. ನಡುವೆ 19 ವರ್ಷಗಳು ಉರುಳಿದ್ದವು.

ಸಂಪ್ರದಾಯನಿಷ್ಠರ ಶಂಕೆಯಲ್ಲಿ ತಿರುಳಿಲ್ಲವೆಂದು ನಾನು ಹೇಳುವುದಿಲ್ಲ. ಮತಪೆಟ್ಟಿಗೆಯು ಯೋಗ್ಯತೆಯನ್ನು ಸೃಷ್ಟಿಸಲಾರದು, ಹಾಕಿದ್ದನ್ನಷ್ಟೇ ಹಿಂದಿರುಗಿಸುತ್ತದೆ. ಆದಕಾರಣ ಅವರ ಎಚ್ಚರಿಕೆ ಮತದಾನದಿಂದ ದೂರ ಸರಿಯಲು ನೆಪವಾಗದೆ, ಮತವನ್ನು ಮಾರದಿರಲು ಪ್ರೇರಣೆಯಾಗಬೇಕು. ತಾಯ್ನೆಲದಲ್ಲಿ ಮತ ಹಾಕುವ ಭಾಗ್ಯವಿಲ್ಲದವರೂ ಒಡೆಯರಪಾಳ್ಯದಲ್ಲಿ ಸರದಿಯಲ್ಲಿ ನಿಲ್ಲುತ್ತಾರೆ. ಸ್ವಂತ ನೆಲದಲ್ಲೇ ನಿಂತಿರುವ ನಾವು ಅಂದು ಮನೆಯಲ್ಲಿ ಕುಳಿತರೆ, ನಮ್ಮ ಶಂಕೆಯನ್ನು ವಿವೇಕವೆಂದು ಕರೆಯುವ ಅರ್ಹತೆ ನಮಗೆ ಉಳಿಯುವುದಿಲ್ಲ.